ಗಿಡ್ಡ ನಳಿಗೆ, ಎತ್ತರದ ಕಬ್ಬು

ಬೋಲ್ಟ್ ಆ್ಯಕ್ಷನ್ ರೈಫಲ್ ಒಂದು ಸಲಕ್ಕೆ ಒಂದೇ ಗುಂಡು ಹಾರಿಸುವ ಬಂದೂಕು. ಬಾಗಿಲ ಚಿಲಕದಂಥ ಉಕ್ಕಿನ ಸರಳೊಂದು ಅದರ ಬೆನ್ನ ಮೇಲಿರುತ್ತದೆ. ಪ್ರತಿ ಗುಂಡಿಗೂ ಆ ಸರಳಿನ ಹಿಡಿಯನ್ನು ಮೇಲೆತ್ತಿ, ಹಿಂದಕ್ಕೆ ಜಗ್ಗಿ, ಮುಂದಕ್ಕೆ ನೂಕಿ, ಕೆಳಗೆ ಮಡಚಬೇಕು. ಜಗ್ಗಿದಾಗ ಸುಟ್ಟ ಕಾಡತೂಸಿನ ಹಿತ್ತಾಳೆ ಕೊಳವೆ ಹೊರಗೆ ಹಾರುತ್ತದೆ, ನೂಕಿದಾಗ ಹೊಸದು ನಳಿಗೆಯ ಬುಡದಲ್ಲಿ ಕೂರುತ್ತದೆ. ಗಿಡ್ಡ ಮಾದರಿಯಲ್ಲಿ ಉದ್ದ ಕಡಿಮೆ, ತೂಕ ಕಡಿಮೆ, ಬೆಲೆ ಮಾತ್ರ ಕಡಿಮೆಯಲ್ಲ. ಇಂಥದ್ದು ದೂರದ ಬೇಟೆಗೆ ತಕ್ಕುದೇ ಎಂದು ಬಾಗಲಕೋಟೆ ಜಿಲ್ಲೆಯ ರಬಕವಿಯಲ್ಲಿ ಕೂತು ವಿಚಾರ ಮಾಡುವವರ ಸಂಖ್ಯೆ, ಬಂದೂಕು ಇಟ್ಟುಕೊಂಡವರ ಸಂಖ್ಯೆಗಿಂತ ಬಹಳ ದೊಡ್ಡದು. ಮಗ್ಗ ಬಿಟ್ಟು ಚಹಾಕ್ಕೆ ಎದ್ದುಬಂದವರ ನಡುವೆ ಅರ್ಧ ಕಪ್ಪು ಮುಗಿಯುವುದರೊಳಗೆ ಆಸ್ಟ್ರಿಯಾ ದೇಶದ ಇಡೀ ಬಂದೂಕು ಉದ್ಯಮದ ಗುಣದೋಷ ಇತ್ಯರ್ಥವಾಗಿರುತ್ತದೆ. ಈ ಬರಹದ ವಿವೇಚನೆಯೂ ಅದೇ ಘರಾಣೆಗೆ ಸೇರಿದ್ದು.

ಗಿಡ್ಡ ಎಂದರೆ ಎಷ್ಟು ಗಿಡ್ಡ ಎಂಬುದಕ್ಕೆ ಅಮೆರಿಕದ ಬಂದೂಕು ತಜ್ಞ ಜೆಫ್ ಕೂಪರ್ 1980ರ ದಶಕದಲ್ಲಿ ಒಂದು ಗೆರೆ ಎಳೆದ: ಉದ್ದ ಒಂದು ಮೀಟರು ದಾಟಬಾರದು, ತೂಕ ಮೂರು ಕಿಲೋ ದಾಟಬಾರದು, ಒಬ್ಬನೇ ಮನುಷ್ಯ ದಿನವಿಡೀ ಹೊತ್ತು ತಿರುಗುವಂತಿರಬೇಕು. ಆಸ್ಟ್ರಿಯಾದ ಸ್ಟಾಯರ್ ಕಂಪನಿ ಹೆಚ್ಚುಕಡಿಮೆ ಆ ಅಳತೆಗೇ ಒಂದು ರೈಫಲ್ ಮಾಡಿತು. ಅದು ರಬಕವಿಯ ಚರ್ಚೆಗೆ ಬರುತ್ತದೆ, ರಬಕವಿಗೆ ಬರುವುದಿಲ್ಲ. ಇಲ್ಲಿನ ಪ್ರಜೆಯ ಕೈಗೆ ಬರಬಹುದಾದ್ದು ಬಹುಮಟ್ಟಿಗೆ ಪಶ್ಚಿಮ ಬಂಗಾಳದ ಇಚ್ಛಾಪುರ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. ಉದ್ದ ಒಂದು ಮೀಟರಿಗಿಂತ ತುಸು ಹೆಚ್ಚು, ತೂಕ ಮೂರು ಕಿಲೋಗಿಂತ ತುಸು ಹೆಚ್ಚು. ಕೂಪರನ ಪರೀಕ್ಷೆಯಲ್ಲಿ ಎರಡು ವಿಷಯದಲ್ಲೂ ಒಂದೆರಡು ಅಂಕಕ್ಕೆ ನಪಾಸು. ಒಡಲು ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡಿನದು, ಕಾಡತೂಸು ಮಾತ್ರ ಆಸ್ಟ್ರಿಯಾದ ಹಳೆಯ ಮಾನ್ಲಿಖರ್ ಕಾಡತೂಸಿನ ಸಂತತಿ. ಈ ಅಂತರ್ಜಾತಿ ಮದುವೆಗೆ ಕಾರಣ ಬ್ರಿಟಿಷರ ಸಂಶಯ. ದಂಡಿನ .303 ಗುಂಡನ್ನು ಯಾರಾದರೂ ಕದ್ದರೂ ಅದು ಊರಿನ ಖಾಸಗಿ ಬಂದೂಕಿನಲ್ಲಿ ಕೂರಬಾರದು ಎಂದು ಸೈನ್ಯದ ಅಳತೆಯನ್ನು ಜನರಿಗೆ ನಿಷೇಧಿಸಿದರು. ವ್ಯಾಪಾರಿಗಳು ಬೇರೆ ಅಳತೆ ಹುಡುಕಿದರು. ಸಂಶಯಪಟ್ಟವರು 1947ರಲ್ಲಿ ಹೊರಟುಹೋದರು, ಅಳತೆ ಉಳಿದುಕೊಂಡಿತು.

ಇನ್ನು ದೂರದ ಮಾತು. ಈ ರೈಫಲಿನ ಗುಂಡು ಸುಮಾರು 16 ಗ್ರಾಮಿನದು, ದುಂಡುಮೂತಿಯದು, ಸೆಕೆಂಡಿಗೆ 600 ಮೀಟರಿನ ಆಸುಪಾಸಿನಲ್ಲಿ ಹೊರಡುತ್ತದೆ. 300 ಮೀಟರು ಮುಟ್ಟಲು ಅದಕ್ಕೆ ಕನಿಷ್ಠ ಅರ್ಧ ಸೆಕೆಂಡು ಬೇಕು. ಅರ್ಧ ಸೆಕೆಂಡಿನಲ್ಲಿ ಭೂಮಿ ಯಾವುದೇ ವಸ್ತುವನ್ನು ಸುಮಾರು 1.2 ಮೀಟರು ಕೆಳಗೆ ಸೆಳೆದುಕೊಳ್ಳುತ್ತದೆ. ಗಾಳಿಯ ತಡೆ ಸೇರಿದರೆ ಇನ್ನೂ ಹೆಚ್ಚು. ಕಾಡುಹಂದಿಯ ಬೆನ್ನು ನೆಲದಿಂದ ಒಂದು ಮೀಟರಿನೊಳಗೇ ಇರುವುದರಿಂದ, ನಳಿಗೆಯನ್ನು ಅದರ ಬೆನ್ನಿಗೆ ನೇರ ಹಿಡಿದವನ ಗುಂಡು ಹಂದಿಯನ್ನು ಮುಟ್ಟುವ ಮೊದಲೇ ಹೊಲದಲ್ಲಿ ಬಿತ್ತನೆಯಾಗುತ್ತದೆ. ಎತ್ತರಿಸಿ ಹಿಡಿಯಬೇಕು. ಎಷ್ಟು ಎತ್ತರ ಎಂದು ತಿಳಿಯಲು ದೂರ ಗೊತ್ತಿರಬೇಕು. ಬಯಲುಸೀಮೆಯಲ್ಲಿ ದೂರ ಕೇಳಿದರೆ ಸಿಗುವ ಉತ್ತರ ಒಂದೇ, ‘ಇಲ್ಲೇ ಐತ್ರಿ’. ನೂರು ಮೀಟರಿಗೂ ಅದೇ, ಮೂರು ಮೈಲಿಗೂ ಅದೇ.

ಗುರಿಕಡ್ಡಿಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ದುರ್ಬೀನು ಬಿಗಿಸದ ರೈಫಲಿನ ಮೂತಿಯ ಕಡ್ಡಿ ಎರಡು ಮಿಲಿಮೀಟರು ಅಗಲವಿದ್ದು, ಕಣ್ಣಿನಿಂದ 85 ಸೆಂಟಿಮೀಟರು ದೂರವಿದ್ದರೆ, 300 ಮೀಟರಿನಲ್ಲಿ ಅದು 70 ಸೆಂಟಿಮೀಟರು ಅಗಲದ ಜಾಗವನ್ನು ಮುಚ್ಚುತ್ತದೆ. ಹಂದಿ ಅಡ್ಡ ನಿಂತಿದ್ದರೆ ಅರ್ಧ ಹಂದಿ ಕಡ್ಡಿಯ ಹಿಂದೆ. ಎದುರಾಗಿ ನಿಂತಿದ್ದರೆ ಹಂದಿಯೇ ಇಲ್ಲ.

ನಳಿಗೆ ಗಿಡ್ಡವಾದರೆ ಗುರಿ ಕೆಡುತ್ತದೆ ಎಂಬ ನಂಬಿಕೆ ಸುಳ್ಳು. ಗಿಡ್ಡ ನಳಿಗೆ ಕಡಿಮೆ ಬಳುಕುತ್ತದೆ, ಹಾಗಾಗಿ ಗುಂಡು ಗುರಿ ಬಿಟ್ಟು ಚೆದುರಬೇಕಾದ ಕಾರಣವಿಲ್ಲ. ಕೆಡುವುದು ವೇಗ. ಇಂಚು ಇಂಚು ಕತ್ತರಿಸಿದಂತೆ ಮದ್ದಿನ ಅನಿಲಕ್ಕೆ ಗುಂಡನ್ನು ತಳ್ಳಲು ಅವಕಾಶ ಕಡಿಮೆಯಾಗಿ, ಸೆಕೆಂಡಿಗೆ ಕೆಲವು ಮೀಟರು ವೇಗ ಸೋರುತ್ತ ಹೋಗುತ್ತದೆ. ಉಳಿದ ಶಕ್ತಿ ಸದ್ದಾಗಿ ಕಿವಿಗೆ ಹೋಗುತ್ತದೆ. ಇನ್ನು ಭುಜದ ಪಾಲು: ಬಂದೂಕು ಹಗುರಾದಷ್ಟೂ ಒದೆತ ಜೋರು. ಹೊರುವಾಗ ಉಳಿಸಿದ್ದನ್ನು ಹಾರಿಸುವಾಗ ಬಡ್ಡಿಸಮೇತ ಕೊಡಬೇಕು. ಆದರೂ ಚಹಾದಂಗಡಿಯ ಪಂಡಿತರು ಗಿಡ್ಡದ್ದನ್ನೇ ಮೆಚ್ಚುತ್ತಾರೆ. ಮೋಟಾರ್‌ಸೈಕಲ್ ಮೇಲೆ ಅಡ್ಡ ಹಾಕಿಕೊಂಡರೆ ಎದುರಿನ ಟ್ರ್ಯಾಕ್ಟರಿಗೆ ತಾಕುವುದಿಲ್ಲ ಎಂಬುದು ಅವರ ಕಾರಣ, ಮತ್ತು ಅದು ಸರಿಯಾದ ಕಾರಣ.

ಲೈಸೆನ್ಸಿನ ವಿಷಯ 1959ರ ಆಯುಧ ಕಾಯ್ದೆಗೆ ಸೇರಿದ್ದು. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಪೊಲೀಸ್ ವರದಿ, ತರಬೇತಿಯ ಪತ್ರ. 2019ರ ತಿದ್ದುಪಡಿಯ ನಂತರ ಒಬ್ಬನಿಗೆ ಎರಡೇ ಬಂದೂಕು, ಲೈಸೆನ್ಸಿಗೆ ಐದು ವರ್ಷ ಆಯುಷ್ಯ. ಕರ್ನಾಟಕದಲ್ಲಿ ಕೊಡಗಿನ ಕೊಡವರಿಗೂ ಜಮ್ಮಾ ಜಮೀನಿನವರಿಗೂ ಮಾತ್ರ ಇದರಲ್ಲಿ ಹಳೆಯ ವಿನಾಯಿತಿ ಉಂಟು, ಅಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಬಂದೂಕಿಗೆ ಹೂವೇರಿಸುತ್ತಾರೆ. ಬಾಗಲಕೋಟೆ ಜಿಲ್ಲೆಯಲ್ಲಿ ಬಂದೂಕಿಗೆ ಹೂವೇರುವುದು ಆಯುಧಪೂಜೆಗೆ. ಪೂಜೆಗೆ ಮುಂಚೆ ಅದನ್ನು ಕಪಾಟಿನಿಂದ ತೆಗೆದು ಎಣ್ಣೆ ಹಚ್ಚುವುದೇ ವರ್ಷದ ದೊಡ್ಡ ಕೆಲಸ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು ಎರಡನೆಯದು. ಇವೆರಡರ ನಡುವೆ ಮದುವೆ ಮೆರವಣಿಗೆಯಲ್ಲಿ ಆಕಾಶಕ್ಕೆ ಢಂ ಅನ್ನಿಸುವ ಮಹನೀಯರಿದ್ದಾರೆ. ಮೇಲೆ ಹೋದ ಗುಂಡು ಕೆಳಗೆ ಬರುತ್ತದೆ ಎಂಬುದನ್ನು ಅವರು ಓದಿದ ಶಾಲೆಯಲ್ಲಿ ಹೇಳಿರಲಿಕ್ಕಿಲ್ಲ. ಅಂಥವರ ಲೈಸೆನ್ಸು ಕಿತ್ತುಕೊಳ್ಳುವುದರ ಜೊತೆಗೆ ಊಟದ ಪಂಕ್ತಿಯಿಂದಲೂ ಎಬ್ಬಿಸಬೇಕು.

ಈ ಸೀಮೆಯಲ್ಲಿ ಲೈಸೆನ್ಸು ಎಂಬ ಮಾತು ಬಂದರೆ ಹಲಗಲಿಯನ್ನು ದಾಟಿ ಹೋಗುವಂತಿಲ್ಲ. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದು ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಕೊಡೆವೆಂದರು. ಬೇಟೆಯೇ ಕಸುಬಾಗಿದ್ದ ಜನಕ್ಕೆ ಹತಾರವೆಂದರೆ ಅನ್ನ, ಮಾನ ಎರಡೂ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಮಂದಿಯನ್ನು ಗಲ್ಲಿಗೇರಿಸಿದರು. ಅವರ ಕೈಯಲ್ಲಿದ್ದ ಹತಾರಗಳು ದೂರದ ಬೇಟೆಗೆ ತಕ್ಕವೇ ಎಂದು ಯಾರೂ ಅಳೆದುನೋಡಲಿಲ್ಲ. ಲಾವಣಿ ಹುಟ್ಟಿತು, ಪಠ್ಯಪುಸ್ತಕಕ್ಕೂ ಬಂತು. ಆ ಲಾವಣಿಯನ್ನು ಬಾಯಿಪಾಠ ಮಾಡಿದ ಮಕ್ಕಳೇ ಇಂದು ದೊಡ್ಡವರಾಗಿ ಬಂದೂಕು ಹೆಗಲಿಗೇರಿಸಿ ಮೊಬೈಲಿಗೆ ಫೋಟೊ ಕೊಡುತ್ತಿದ್ದಾರೆ.

ಬೇಟೆ ಯಾವುದು ಎಂಬ ಪ್ರಶ್ನೆ ಬಂದೂಕು ಕೊಂಡ ಮೇಲೆ ಏಳುವುದು ವಾಡಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೆ ಚುಟುಕಾಗಿ ಉತ್ತರ ಕೊಟ್ಟಿದೆ. ಕೃಷ್ಣಮೃಗ, ಚಿಂಕಾರ ಎರಡೂ ಮೊದಲ ಅನುಸೂಚಿಯವು, ಅವುಗಳ ಮೇಲೆ ಬಂದೂಕೆತ್ತಿದರೆ ಜೈಲು. ಚಿಂಕಾರಕ್ಕಂತೂ ಮುಧೋಳ, ಬೀಳಗಿಯ ಗುಡ್ಡಗಳಲ್ಲಿ ಯಡಹಳ್ಳಿ ವನ್ಯಜೀವಿಧಾಮವೇ ಇದೆ. ಅದರ ಕುರುಚಲು ಬಯಲಿನಲ್ಲಿ ನಿಂತರೆ 300 ಮೀಟರು ಕಣ್ಣಿಗೆ ಕಾಣುತ್ತದೆ. ಜಿಲ್ಲೆಯಲ್ಲಿ ದೂರದ ಬೇಟೆಗೆ ಹೇಳಿ ಮಾಡಿಸಿದಂಥ ಜಾಗ, ಬಂದೂಕು ಒಯ್ಯಲೇಬಾರದ ಜಾಗ. ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ, ಬಲೆ ಒಡ್ಡುವುದು, ಬೆನ್ನಟ್ಟುವುದು, ಅಟ್ಟುವುದು, ಇವುಗಳಿಗೆ ಯತ್ನಿಸುವುದೂ ಬೇಟೆಯೇ. ಉಳಿದದ್ದು ಬೆಳೆ ಹಾಳುಮಾಡುವ ಕಾಡುಹಂದಿ. ಅದಕ್ಕೂ ಅರಣ್ಯ ಇಲಾಖೆಯ ಬರಹದ ಅನುಮತಿ ಬೇಕು. ಹಂದಿ ಒಂದು ರಾತ್ರಿಯಲ್ಲಿ ಗೋವಿನಜೋಳದ ಹೊಲ ಮುಗಿಸುತ್ತದೆ, ಅರ್ಜಿಗೆ ಅಷ್ಟು ಅವಸರವಿರುವುದಿಲ್ಲ.

ಅನುಮತಿ ಪತ್ರ ಕಿಸೆಯಲ್ಲಿದೆ ಎಂದೇ ಇಟ್ಟುಕೊಳ್ಳೋಣ. ಪ್ರಯೋಗಕ್ಕೆ ಅತ್ಯಂತ ಯೋಗ್ಯ ಸಂದರ್ಭ ಕಬ್ಬಿನ ಕಟಾವಿನ ಕೊನೆಯ ಗಂಟೆ. ಕೃಷ್ಣೆಯ ನೀರುಂಡ ಕಬ್ಬು ಆಳೆತ್ತರದ ಮೇಲೆ ಇನ್ನೊಂದು ಅರ್ಧಾಳು ಬೆಳೆದಿರುತ್ತದೆ, ಒಳಗೆ ನಿಂತರೆ ಎರಡು ಮಾರು ಆಚೆ ಕಾಣದು. ನಾಲ್ಕೂ ಕಡೆಯಿಂದ ಕಡಿಯುತ್ತ ಬಂದ ಗ್ಯಾಂಗು ನಡುವೆ ಒಂದು ಪಟ್ಟಿ ಉಳಿಸಿದಾಗ, ಇಡೀ ಹೊಲದ ಹಂದಿ, ನರಿ, ಹಾವು ಎಲ್ಲವೂ ಅದರೊಳಗೆ ಸೇರಿರುತ್ತವೆ. ಬದುವಿನ ಮೇಲೆ ರೈಫಲ್ ಹಿಡಿದ ಕಾಕಾ. ಮಗ್ಗುಲಲ್ಲಿ ಅಣ್ಣನ ಮಗ.

ಪಟ್ಟಿ ಅಲುಗುತ್ತದೆ. ಮೊದಲು ಹೊರಬಂದದ್ದು ಗ್ಯಾಂಗಿನವರ ನಾಯಿ. ಅದು ಹಂದಿಯಲ್ಲ ಎಂದು ಖಚಿತವಾಗುವಷ್ಟರಲ್ಲಿ ಎರಡನೆಯದು ಹೊರಬರುತ್ತದೆ, ಅದು ಹಂದಿಯೇ. ಓಡುವ ಹಂದಿ ಗಂಟೆಗೆ 40 ಕಿಲೋಮೀಟರು ಎಂದು ಹಿಡಿದರೆ ಸೆಕೆಂಡಿಗೆ 11 ಮೀಟರು.

‘ಕಾಕಾ, ಬಂತು! ಹೊಡೀರಿ!’

ಹನ್ನೊಂದು ಮೀಟರು. ಕಾಕಾ ಬೋಲ್ಟಿನ ಹಿಡಿ ಎತ್ತುತ್ತಾರೆ. ಅದು ಏಳುವುದಿಲ್ಲ, ಆಯುಧಪೂಜೆಯ ಎಣ್ಣೆ ಒಣಗಿ ಗೋಂದಾಗಿದೆ. ಇಪ್ಪತ್ತೆರಡು ಮೀಟರು. ಏಳುತ್ತದೆ. ಜಗ್ಗಿದರೆ ಹಿಂದಕ್ಕೆ ಬರುತ್ತದೆ, ಕಳೆದ ವರ್ಷದ ಕುಂಕುಮದ ಕಣಗಳು ಉದುರುತ್ತವೆ. ಒಳಗೆ ಕಾಡತೂಸಿಲ್ಲ. ತುಂಬಿದ ಬಂದೂಕು ಮನೆಯಲ್ಲಿ ಇಡಕೂಡದು ಎಂದು ಕಾಕಾನ ಹೆಂಡತಿ ಕಾಕೂ ತಾಕೀತು ಮಾಡಿ ಕಾಡತೂಸನ್ನು ಬುತ್ತಿಯ ಗಂಟಿನಲ್ಲಿ ಬೇರೆ ಕಟ್ಟಿಕೊಟ್ಟಿದ್ದಾರೆ. ನಲವತ್ತನಾಲ್ಕು ಮೀಟರು. ಗಂಟಿನಲ್ಲಿ ಮೊದಲು ಸಿಗುವುದು ಕಟಕರೊಟ್ಟಿ, ಆಮೇಲೆ ಶೇಂಗಾ ಹಿಂಡಿ, ಅದರ ಕೆಳಗೆ ಹಿತ್ತಾಳೆ. ತಣ್ಣಗಿನ ಆ ಕಾಡತೂಸಿಗೆ ಶೇಂಗಾದ ಪುಡಿ ಮೆತ್ತಿದೆ. ಕಾಕಾ ಅದನ್ನು ಅಂಗಿಯ ಚುಂಗಿಗೆ ಒರೆಸುತ್ತಾರೆ, ಒರೆಸದೆ ಹಾಕಿದರೆ ಬಂದೂಕು ಕೆಟ್ಟೀತು. ಎಂಬತ್ತೆಂಟು ಮೀಟರು. ಮುಂದಕ್ಕೆ ನೂಕಿ ಮಡಚುತ್ತಾರೆ. ಭುಜಕ್ಕೆ ಏರಿಸುತ್ತಾರೆ. ಒಂದು ಕಣ್ಣು ಮುಚ್ಚುತ್ತಾರೆ, ಕನ್ನಡಕ ಮೂಗಿನ ಮೇಲೆ ಜಾರಿ ಇನ್ನೊಂದು ಕಣ್ಣೂ ಮುಚ್ಚಿದಂತಾಗುತ್ತದೆ. ಸರಿಪಡಿಸಿಕೊಂಡು ನೋಡಿದರೆ ಕಡ್ಡಿಯ ತುದಿಯಲ್ಲಿ ಕಾಣುವುದು ಕ್ರಮವಾಗಿ ಕೊಯ್ತಾ ಹಿಡಿದ ಗ್ಯಾಂಗಿನ ಹೆಣ್ಣುಮಗಳು, ಕಬ್ಬು ಹೇರಿದ ಟ್ರೇಲರು, ಅದರಾಚೆ ಶಾಲೆಯ ಕಂಪೌಂಡು, ಅದರಾಚೆ ಬನಹಟ್ಟಿ ಊರು. ಈ ಜಾತಿಯ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಹಂದಿ ಎಷ್ಟು ದೂರ ಹೋಗಿದ್ದರೂ ಅದರ ಹಿಂದೆ ಯಾರೋ ಒಬ್ಬರು ನಿಂತೇ ಇರುತ್ತಾರೆ.

‘ಕಾಕಾ, ಹೋತು.’

‘ಎಲ್ಲಿಗ್ಯೋ?’

‘ದೊಡ್ಡಪ್ಪನ ಹೊಲದಾಗ.’

ಕಾಕಾ ಬಂದೂಕು ಇಳಿಸುತ್ತಾರೆ. ದೊಡ್ಡಪ್ಪನ ಹೊಲದ ವಾಟ್ನಿಯ, ಅಂದರೆ ಪಾಲಿನ, ದಾವೆ ಜಮಖಂಡಿ ಕೋರ್ಟಿನಲ್ಲಿದೆ, ಭಾವಬಂದಕಿ ಇರುವ ಬದುವನ್ನು ಗುಂಡೂ ದಾಟುವಂತಿಲ್ಲ. ಅಲ್ಲಿ ಹಂದಿಗೆ ಇರುವ ರಕ್ಷಣೆ 1972ರ ಕಾಯ್ದೆಯಲ್ಲೂ ಇಲ್ಲ.

ಈ ಪ್ರಯೋಗದಿಂದ ರೈಫಲಿನ ಬಗ್ಗೆ ತಿಳಿಯುವುದು ಸ್ವಲ್ಪ: ಬೋಲ್ಟು ಗಟ್ಟಿಮುಟ್ಟಾದದ್ದು, ಗೋಂದಿಗೂ ಹಿಂಡಿಗೂ ಜಗ್ಗದೆ ಕೆಲಸ ಮಾಡುತ್ತದೆ, ಗಿಡ್ಡ ನಳಿಗೆ ಕಬ್ಬಿನ ರವದಿಗೆ ಸಿಕ್ಕಿಕೊಳ್ಳುವುದಿಲ್ಲ. ದುರ್ಬೀನು ಬಿಗಿಸಿ, ಹಿಂದೆ ಮಣ್ಣಿನ ದಿನ್ನೆ ಇರುವ ಕಡೆ ಅಭ್ಯಾಸ ಮಾಡಿದವನ ಕೈಯಲ್ಲಿ ನೂರು, ನೂರೈವತ್ತು ಮೀಟರಿನವರೆಗೆ ನಂಬಬಹುದು. ಅದರಾಚೆಗೆ ಈ ದುಂಡುಮೂತಿಯ ಗುಂಡಿನಿಂದ ದೂರದ ಬೇಟೆ ಎಂಬುದು ಮೃಗಕ್ಕೆ ಹಿಂಸೆ. ಕಾಲು ಮುರಿದು ಕಬ್ಬಿನೊಳಗೆ ಹೋಗಿ ಬಿದ್ದ ಹಂದಿ ಮೂರು ದಿನ ಸಾಯುತ್ತದೆ, ಬೆಳೆ ಕಡಿಯುವವರಿಗೆ ಅಡ್ಡ ಬಂದರೆ ಒಬ್ಬರ ತೊಡೆ ಸೀಳಿ ಸಾಯುತ್ತದೆ.

ಹೊಲ ಕಾಯಲು ರೈಫಲಿಗೆ ಬದಲಿ ಸಾಧನಗಳಲ್ಲಿ ಮುಧೋಳದ ನಾಯಿ ಮೊದಲನೆಯದು. ಭುಜದೆತ್ತರ ಎರಡಡಿಗೂ ಹೆಚ್ಚು, ತೂಕ ಇಪ್ಪತ್ತು ಕಿಲೋ ದಾಟುವುದರಿಂದ ಕೂಪರನ ಪರೀಕ್ಷೆಯಲ್ಲಿ ತೂಕದಲ್ಲೇ ನಪಾಸು, ಆದರೆ ತನ್ನನ್ನು ತಾನೇ ಹೊತ್ತುಕೊಳ್ಳುತ್ತದೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇದನ್ನು ಬ್ರಿಟಿಷ್ ದೊರೆ ಐದನೇ ಜಾರ್ಜನಿಗೆ ಕಾಣಿಕೆ ಕೊಟ್ಟರು, ಅಂಚೆ ಇಲಾಖೆ 2005ರಲ್ಲಿ ಚೀಟಿ ತಂದಿತು, ತಿಮ್ಮಾಪುರದಲ್ಲಿ ಇದಕ್ಕೊಂದು ಸಂಶೋಧನಾ ಕೇಂದ್ರವಿದೆ, ಸೈನ್ಯವೂ ಕರೆದೊಯ್ದಿದೆ. ಎರಡನೆಯ ಪ್ರಯತ್ನಕ್ಕೆ ಹಿಡಿ ಎತ್ತಿ ಜಗ್ಗುವ ಕೆಲಸವಿಲ್ಲ. ಆದರೆ ಮೊಲ, ಜಿಂಕೆಗಳ ಮೇಲೆ ಬಿಟ್ಟರೆ ಅದೂ ಬೇಟೆಯೇ, ಅಪರಾಧಿ ನಾಯಿಯಲ್ಲ, ಸರಪಳಿ ಬಿಚ್ಚಿದವನು.

ಎರಡನೆಯದು ಸೀರೆ. ನೇಕಾರರ ಊರಿನಲ್ಲಿ ಇದನ್ನು ಕಾಡತೂಸಿನಂತೆ ಎಣಿಸಿ ಕೊಳ್ಳಬೇಕಿಲ್ಲ. ಉಟ್ಟು ಹಳೆಯದಾದದ್ದನ್ನು ಹೊಲದ ಸುತ್ತ ಗೂಟಕ್ಕೆ ಕಟ್ಟುತ್ತಾರೆ. ಹಂದಿಗೆ ಕಣ್ಣು ಮಂದ, ಮೂಗು ಬಲು ಚುರುಕು. ರಾತ್ರಿ ಗಾಳಿಗೆ ಬಡಿದಾಡುವ, ಮನುಷ್ಯರ ವಾಸನೆ ಹೊತ್ತ ಬಟ್ಟೆಗೆ ಅದು ಹಿಂಜರಿಯುತ್ತದೆ. ವ್ಯಾಪ್ತಿ ಹೊಲವಿದ್ದಷ್ಟು, ಒದೆತ ಇಲ್ಲ, ಚುನಾವಣೆಗೆ ಠಾಣೆಗೆ ಒಯ್ಯಬೇಕಿಲ್ಲ. ದೋಷವೆಂದರೆ ಮಳೆಗೆ ವಾಸನೆ ತೊಳೆದುಹೋಗುತ್ತದೆ, ಹಂದಿಗೂ ಕೆಲವು ವಾರಕ್ಕೆ ರೂಢಿಯಾಗುತ್ತದೆ, ಆಗ ಸೀರೆ ಬದಲಿಸಬೇಕು. ಯಾವುದನ್ನು ಕೊಡಬೇಕೆಂಬ ತೀರ್ಮಾನ ಕಾಕೂನದು. ಈ ಅರ್ಜಿಯೂ ಸುಲಭಕ್ಕೆ ಮಂಜೂರಾಗುವುದಿಲ್ಲ.