ಬೀಳದೆ ನಿಂತ ಗೋಡೆಗೊಂದು ಬಹಿರಂಗ ಪತ್ರ

ಇವರಿಗೆ,
ಬಡಗಣ ಗೋಡೆ,
(ಮನೆ ನಂಬರ್ ಇತ್ತು; ಬಾಗಿಲ ಜೊತೆ ಹೋಯಿತು)
ತುಂಗಭದ್ರೆಯ ದಂಡೆ, ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ.

ವಿಷಯ: ಬೀಳಬೇಕಾದ ಹೊತ್ತಿಗೆ ಬೀಳದೆ ಕುಟುಂಬಕ್ಕೆ ಆರ್ಥಿಕ ನಷ್ಟ ಉಂಟುಮಾಡಿರುವ ಕುರಿತು.

ಮಾನ್ಯ ಗೋಡೆಯೇ,

ಗೋಡೆಗೂ ಕಿವಿ ಇರ್ತಾವ ಅಂತ ನಮ್ಮ ಅಜ್ಜಿ ಹೇಳ್ತಿದ್ದಳು. ಆ ಒಂದು ಮಾತಿನ ಧೈರ್ಯದ ಮೇಲೆ ಈ ಪತ್ರ. ಇಲ್ಲಿಯತನಕ ಕಿವಿ ಇದ್ದವರಿಗೇ ಬರೆದೆ. ಹದಿನೇಳು ಅರ್ಜಿ, ಹದಿನೇಳು ಸ್ವೀಕೃತಿ. ಅರ್ಜಿಗಳು ಎಲ್ಲಿ ಹೋದವೋ ಗೊತ್ತಿಲ್ಲ, ಸ್ವೀಕೃತಿಗಳು ಮಾತ್ರ ಭದ್ರವಾಗಿವೆ. ನಿನ್ನ ಮಾಡದಲ್ಲೇ ಪ್ಲಾಸ್ಟಿಕ್ ಚೀಲದಾಗ ಸುತ್ತಿ ಇಟ್ಟಿದ್ದೇನೆ. ಮಲಗಿದರೆ ಆಕಾಶ ಕಾಣುವ ನಮ್ಮ ಮನೆಯಲ್ಲಿ ತೋಯದ ಜಾಗ ಅದೊಂದೇ.

ಹಳೆಯ ಲೆಕ್ಕದಿಂದ ಶುರು ಮಾಡೋಣ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಬಿಡಲೇ ಇಲ್ಲ. ಮಾಳಿಗೆ ಮೇಲಿನ ಸವುಳು ಮಣ್ಣು ನೀರು ಕುಡಿದು ಕುಡಿದು ಗಬ್ಬದ ಎಮ್ಮೆಯಂತಾಯಿತು, ಕೆಳಗೆ ಜಂತಿಗಳು ನರಳಿದವು. ಅಕ್ಟೋಬರ್ 2ರ ಹೊತ್ತಿಗೆ ಆಚೆ ದಂಡೆಯ ಮಂತ್ರಾಲಯದಲ್ಲಿ ರಾಯರ ಮಠದೊಳಗೇ ಹೊಳೆ ಹರಿಯುತ್ತಿತ್ತು. ರಾಯರನ್ನೇ ಬಿಡದ ನೀರು ನಮ್ಮನ್ನು ಬಿಟ್ಟೀತೆ? ಅಂದು ಗಾಂಧಿ ಜಯಂತಿ, ಸರ್ಕಾರಿ ರಜೆ. ಹೊಳೆಗೆ ಕ್ಯಾಲೆಂಡರ್ ನೋಡುವ ರೂಢಿ ಇಲ್ಲ. ಮೂರು ಗೋಡೆಗಳು ಒಂದರ ಹಿಂದೊಂದು ಪಂಗತಿಗೆ ಕುಂತಂತೆ ಕುಂತವು. ನೀನು ಕೂಡಲಿಲ್ಲ. ಅಜ್ಜ ಕಲ್ಲು ಮಣ್ಣಿನಲ್ಲಿ ಎರಡು ಮೊಳ ದಪ್ಪ ಕಟ್ಟಿಸಿದ ಗೋಡೆ ಅನ್ನುವ ಸೊಕ್ಕು.

ಆಮೇಲೆ ಪ್ರಧಾನಿ ಮನಮೋಹನ್ ಸಿಂಗ್ ಹೆಲಿಕಾಪ್ಟರಿನಲ್ಲಿ ಬಂದು ಮೇಲಿಂದ ನೋಡಿ, ರಾಜ್ಯಕ್ಕೆ ತುರ್ತಾಗಿ 1,000 ಕೋಟಿ ರೂಪಾಯಿ ಘೋಷಿಸಿದರು. ಮೇಲಿಂದ ನೋಡಿದವರ ಬಗ್ಗೆ ನನ್ನದೇನೂ ತಕರಾರಿಲ್ಲ, ಗೋಡೆಯೇ. ಮೇಲಿಂದ ನೀನು ಬರೀ ಒಂದು ಗೆರೆ. ಮಾಳಿಗೆ ಇಲ್ಲದ ಮನೆ ಆಕಾಶದಿಂದ ಬಯಲಿನಂತೆಯೇ ಕಾಣುತ್ತದೆ. ದೆಹಲಿಯ ಕಣ್ಣಿಗೆ ನಮ್ಮ ಮನೆ ಪೂರ್ತಿ ಬಿದ್ದಿತ್ತು. ತೊಂದರೆ ಶುರುವಾದದ್ದು ಸಾಹೇಬರೊಬ್ಬರು ಮೊಣಕಾಲುದ್ದ ಕೆಸರು ತುಳಿದು ನೆಲದ ಮೇಲೆ ಬಂದು ನಿಂತಾಗ. ನೆಲದ ಮೇಲಿಂದ ನೀನು ಎತ್ತರಕ್ಕೆ ಕಂಡೆ. ‘ಇದು ನಿಂತದಲ್ಲ!’ ಅಂದರು. ಪಂಚನಾಮೆಯಲ್ಲಿ ‘ಭಾಗಶಃ ಹಾನಿ’ ಅಂತ ಬಿತ್ತು. ಅವತ್ತು ಬೀಳಬಾರದ್ದು ಬಿದ್ದದ್ದು ಅದೊಂದೇ ಶಬ್ದ.

ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಸಂತ್ರಸ್ತರಿಗಾಗಿ ಪಾದಯಾತ್ರೆ ಮಾಡಿ ದೇಣಿಗೆ ಎತ್ತಿದರು. ದಾನಿಗಳಿಂದ ಮನೆ ಕಟ್ಟಿಸುವ ಯೋಜನೆಗೆ ‘ಆಸರೆ’ ಅಂತ ಹೆಸರಾಯಿತು. ಅದಿರಿನ ಲಾರಿಗೆ ಸಾವಿರ ರೂಪಾಯಿ ವಸೂಲಿ ಮಾಡುತ್ತೇವೆ ಎಂದದ್ದೇ ತಡ, ಬಳ್ಳಾರಿ ಕಡೆ ಬಂಡಾಯದ ಬೇರೆ ಪ್ರವಾಹ ಎದ್ದಿತು. ನಾವು ಗಂಜಿ ಕೇಂದ್ರದಲ್ಲಿ ಸಾಲು ನಿಂತಾಗ ನಮ್ಮ ಶಾಸಕರಲ್ಲಿ ಕೆಲವರು ರೆಸಾರ್ಟಿನಲ್ಲಿದ್ದರು. ಎರಡೂ ಕಡೆ ಊಟ ಪುಕ್ಕಟೆ ಅನ್ನುವುದನ್ನು ಒಪ್ಪಿಕೊಳ್ಳಬೇಕು.

ಆಸರೆ ಮನೆಗಳು ಎದ್ದವು. ಹೊಲ ಒಂದು ದಿಕ್ಕಿಗೆ, ಮನೆ ಒಂದು ದಿಕ್ಕಿಗೆ. ದನ ಕಟ್ಟಲು ಜಾಗವಿಲ್ಲ, ಬಣಿವೆ ಒಟ್ಟಲು ಜಾಗವಿಲ್ಲ. ರೊಟ್ಟಿ ಬಡಿಯುವ ಹೊಗೆ ಎಲ್ಲಿಂದ ಹೊರಗೆ ಹೋಗಬೇಕು ಅಂತ ನಕ್ಷೆ ಬರೆದವರಿಗೆ ಯಾರೂ ಹೇಳಿರಲಿಲ್ಲ. ಎಷ್ಟೋ ಮನೆಗಳಲ್ಲಿ ಮಂದಿಗಿಂತ ಮೊದಲು ಬಳ್ಳಾರಿ ಜಾಲಿ ಗೃಹಪ್ರವೇಶ ಮಾಡಿತು. ನಮಗೆ ಅದೂ ಇಲ್ಲ. ‘ನಿಮ್ಮದು ಭಾಗಶಃ, ನಿಮಗ ಭಾಗಶಃ ಮನಿ ಅದ’ ಅಂದರು. ಸಾಲ ತಂದು ನಿನಗೆ ಆತು ಹೊಸದಾಗಿ ಮೂರು ಗೋಡೆ ಕಟ್ಟಿದೆವು.

ಹತ್ತು ವರ್ಷ ಬಿಟ್ಟು ಕೃಷ್ಣೆಯ ಸರದಿ. 2019ರ ಆಗಸ್ಟ್. ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರು ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮೇಲೆ ಹಾಯಿತು. ಅಲ್ಲಿ ನಮ್ಮ ಅಕ್ಕನನ್ನು ಕೊಟ್ಟಿದ್ದೇವೆ. ಹಿರೇರಾಯಕುಂಪಿಯ ಹುಡುಗನ ಕಥೆ ನಿನ್ನ ಕಿವಿಗೂ ಬಿದ್ದಿರಬೇಕು. ಸೇತುವೆ ಎಲ್ಲಿದೆ ಅಂತ ಗೊತ್ತಾಗದೆ ಆಂಬುಲೆನ್ಸ್ ನಿಂತಾಗ, ಸೊಂಟದುದ್ದ ನೀರಿನಲ್ಲಿ ತಾನು ಮುಂದೆ ನಡೆದು ದಾರಿ ತೋರಿಸಿದವನು. ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು, ಬರಬೇಕಾದದ್ದೇ. ಜಿಪಿಎಸ್ ಇಲ್ಲದೆ ನೀರೊಳಗಿನ ಸೇತುವೆ ಹುಡುಕಿದ ಹುಡುಗ ಅವನು. ನಮ್ಮ ಮನೆಗೆ ಸಮೀಕ್ಷೆಗೆ ಬಂದವರ ಮೊಬೈಲು ಒಣ ನೆಲದ ಮೇಲೆ ನಿಂತು ನಮ್ಮನ್ನು ಹೊಳೆಯ ನಡುವೆ ತೋರಿಸಿತ್ತು.

ಆ ವರ್ಷ ಸರ್ಕಾರ ದೊಡ್ಡ ಮನಸ್ಸು ಮಾಡಿದ್ದು ಸುಳ್ಳಲ್ಲ. ಕೇಂದ್ರದ ಅಂದಿನ ಪಟ್ಟಿಯಲ್ಲಿ ಪೂರ್ತಿ ಬಿದ್ದ ಮನೆಗೆ 95,100 ರೂಪಾಯಿ. ಅಷ್ಟಿಷ್ಟು ಬಿದ್ದ ಕಚ್ಚಾ ಮನೆಗೆ 3,200. ದನದ ಕೊಟ್ಟಿಗೆಗೆ 2,100. ಬಟ್ಟೆಗೆ 1,800, ಪಾತ್ರೆ ಪಗಡಕ್ಕೆ 2,000. ಅದೂ ಮನೆ ಬಿದ್ದಿರಬೇಕು, ಇಲ್ಲವೇ ನೀರು ಎರಡು ದಿನಕ್ಕಿಂತ ಹೆಚ್ಚು ನಿಂತಿರಬೇಕು. ಒಂದೇ ರಾತ್ರಿ ಬಂದು ಕೊಡ ಕೊಪ್ಪರಿಗೆ ಎಲ್ಲ ಬಾಚಿಕೊಂಡು ಹೋದ ನೀರು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದು ನೆಂಟಸ್ತನಕ್ಕೆ ಬಂದುಹೋದಂತೆ. ರಾಜ್ಯ ಸರ್ಕಾರ ತನ್ನ ಗಂಟಿನಿಂದ ಸೇರಿಸಿ ತುರ್ತು ಪರಿಹಾರವನ್ನು 10,000 ಮಾಡಿತು, ಬಿದ್ದ ಮನೆಗೆ 5 ಲಕ್ಷ ಅಂದಿತು. 5 ಲಕ್ಷ! ಊರಾಗ ಆ ಮಾತು ಬಂದ ದಿನ ಗಟ್ಟಿಮುಟ್ಟಾದ ಮನೆಯವರ ಮಾರಿ ಬಾಡಿತ್ತು.

5 ಲಕ್ಷದ ಜೊತೆಗೆ ಅಕ್ಷರಮಾಲೆಯೂ ಬಂತು. ಶೇಕಡ 75ಕ್ಕಿಂತ ಹೆಚ್ಚು ಬಿದ್ದರೆ ‘ಎ’. 25ರಿಂದ 75ರವರೆಗೆ ‘ಬಿ’, ಅದರಲ್ಲೂ ಕೆಡವಿ ಕಟ್ಟುವವರು, ರಿಪೇರಿ ಮಾಡುವವರು ಅಂತ ಕವಲು. 15ರಿಂದ 25 ‘ಸಿ’, ಅದಕ್ಕೆ 50,000. ಹದಿನೈದಕ್ಕಿಂತ ಕಡಿಮೆ ಬಿದ್ದರೆ ದೇವರ ದಯೆ ಅಂತ ತಿಳಿಯಬೇಕು.

ಮುಂದಿನ ಮಳೆಗಾಲವೊಂದರಲ್ಲಿ ನಮ್ಮ ಹೊಸ ಮೂರೂ ಗೋಡೆ ಮತ್ತೆ ಕುಂತವು. ನೀನು ಮತ್ತೆ ನಿಂತೆ. ಟೇಪು ಹಿಡಿದು ಬಂದವರು ಪಾಪ ಒಳ್ಳೆಯವರು, ಚಹಾ ಸಹ ಕುಡಿಯಲಿಲ್ಲ. ಬೆರಳು ಮಡಚಿ ಎಣಿಸಿದರು. ‘ನಾಲ್ಕರಾಗ ಮೂರು ಬಿದ್ದಾವ. ಅಂದ್ರ ನೂರಕ್ಕ ಎಪ್ಪತ್ತೈದು.’

‘ಎಪ್ಪತ್ತೈದು ಆಯ್ತಲ್ರೀ ಸಾಹೇಬ್ರ, ಎ ಬರೀರಿ.’

‘ಆದೇಶದಾಗ ಎಪ್ಪತ್ತೈದಕ್ಕಿಂತ ಹೆಚ್ಚು ಅಂತದ. ನಿಂದು ಸರಿಯಾಗಿ ಎಪ್ಪತ್ತೈದು. ಒಂದ್ ಕಲ್ಲರ ಉದುರಬೇಕಿತ್ತು ನೋಡು.’

‘ಮಾಳಿಗಿ ಬಿದ್ದದಲ್ರೀ?’

‘ಗೋಡಿ ಮ್ಯಾಲ ಮಾಳಿಗಿ. ಅದು ಗೋಡಿ ಲೆಕ್ಕದಾಗ ಬಂತು.’

ಒಂದು ಕಲ್ಲು, ಗೋಡೆಯೇ. ಅಜ್ಜನ ಕಾಲದಿಂದ ನಿನ್ನ ಮೈಯಲ್ಲಿರುವ ಅಷ್ಟು ಕಲ್ಲುಗಳಲ್ಲಿ ಒಂದೇ ಒಂದು ಕಲ್ಲು ಅವತ್ತು ಜಾರಿದ್ದರೆ ನಾವು ‘ಎ’ ಆಗುತ್ತಿದ್ದೆವು.

ಇರಲಿ, ‘ಬಿ’ಯಾದರೂ ಸರಿ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಕಾಗದದ ಮೇಲಿನ ‘ಬಿ’ ಕಂಪ್ಯೂಟರಿನೊಳಗೆ ಹೋಗುವ ದಾರಿಯಲ್ಲಿ ‘ಸಿ’ ಆಯಿತು. ಯಾರ ಬೆರಳು ಜಾರಿತೋ. ತಿದ್ದಿಸಲು ಹೋದರೆ ಲಾಗಿನ್ ಬಂದ್ ಆಗಿದೆ ಅಂದರು. ನಮ್ಮ ಮನೆಗೆ ಬಾಗಿಲೇ ಇಲ್ಲ, ಅದಕ್ಕೆ ಎಂಥ ಗಟ್ಟಿ ಬೀಗವೋ. ಆ ಬೀಗದ ಕೈ ರಾಯಚೂರಿನಲ್ಲಿದೆ ಅಂದರು, ರಾಯಚೂರಿಗೆ ಹೋದೆ. ಬೆಂಗಳೂರಿನಲ್ಲಿದೆ ಅಂದರು. ಗುಳೇ ಹೋದ ನಮ್ಮ ಊರಿನ ಅರ್ಧ ಮಂದಿ ಬೆಂಗಳೂರಿನಲ್ಲೇ ಇದ್ದಾರೆ, ದೊಡ್ಡ ದೊಡ್ಡ ಗೋಡೆ ಕಟ್ಟುತ್ತಾ. ಅವರಿಗೂ ಅದು ಸಿಕ್ಕಿಲ್ಲವಂತೆ.

ರಾಯಚೂರಿನಲ್ಲಿ ಆ ದಿನ ತೀನ್ ಕಂದೀಲ್ ಹತ್ತಿರ ಮಂಡಾಳ ಒಗ್ಗರಣೆ ತಿನ್ನುತ್ತಾ ಕುಂತಿದ್ದೆ. ಪಕ್ಕದಲ್ಲಿ ಸಿಯಾತಲಾಬ್ ಕಡೆಯ ಒಬ್ಬ ಹೆಣ್ಣುಮಗಳು. ಅವಳ ಕೈಯಲ್ಲೂ ನನ್ನಂಥದೇ ಪ್ಲಾಸ್ಟಿಕ್ ಚೀಲ. ಜೋರು ಮಳೆ ಬಂದರೆ ಆ ಓಣಿಗಳಲ್ಲಿ ನೀರು ಹೇಗೆ ತುಂಬುತ್ತದೆ ಅಂತ ಇಡೀ ಶಹರಕ್ಕೆ ಗೊತ್ತು. ‘ಎಷ್ಟು ಬಿದ್ದದವ್ವಾ?’ ಅಂದೆ. ‘ಪೂರ್ತಿ ಬಿದ್ದದಣ್ಣಾ’ ಅಂದಳು. ನನಗೆ ಹೊಟ್ಟೆಕಿಚ್ಚಾಯಿತು. ‘ಆದ್ರ ಜಾಗದ ಕಾಗದ ಇಲ್ಲ. ಕಾಗದ ಇಲ್ದ ಮನಿ ಬೀಳಂಗಿಲ್ಲಂತ. ಅದು ಮೊದ್ಲ ನಿಂತೇ ಇರ್ಲಿಲ್ಲಂತ.’ ಅವಳ ಮುಂದೆ ನಿನ್ನ ಸುದ್ದಿ ಎತ್ತಲು ನಾಚಿಕೆಯಾಯಿತು.

ಪಕ್ಕದ ಮನೆಯವನು ‘ಎ’. ಅವನನ್ನು ನೋಡಿ ಮೊದಮೊದಲು ನಿನ್ನ ಮೇಲೆ ಸಿಟ್ಟು ಹೆಚ್ಚಾಗುತ್ತಿತ್ತು, ಈಗ ಸ್ವಲ್ಪ ಇಳಿದಿದೆ. ಅವನಿಗೆ 5 ಲಕ್ಷ ಒಮ್ಮೆಲೇ ಬರಲಿಲ್ಲ, ಕಂತಿನಲ್ಲಿ. ತಳಪಾಯಕ್ಕೊಂದು ಫೋಟೊ, ಲಿಂಟಲ್ಲಿಗೊಂದು, ಛಾವಣಿಗೊಂದು, ಮುಗಿದ ಮೇಲೊಂದು. ತಳಪಾಯ ಎದ್ದ ಫೋಟೊ ಹೋದರೆ ದುಡ್ಡು, ದುಡ್ಡಿದ್ದರೆ ತಳಪಾಯ. ಬಡ್ಡಿಗೆ ತಂದು ತಳಪಾಯ ಹಾಕಿದ. ಆಮೇಲೆ ಆಧಾರ್ ಒಂದು ಬ್ಯಾಂಕಿಗೆ, ಖಾತೆ ಇನ್ನೊಂದು ಬ್ಯಾಂಕಿಗೆ. ಹೆಂಡತಿಯ ಹೆಸರಿನಲ್ಲಿ ‘ಮ್ಮ’ ಒಂದು ಕಡೆ ಇದೆ, ಒಂದು ಕಡೆ ಇಲ್ಲ. ಆ ಒತ್ತಕ್ಷರದ ಕೆಳಗೆ ಅವನ ಮನೆ ಲಿಂಟಲ್ ಮಟ್ಟಕ್ಕೆ ನಿಂತಿದೆ. ನಾಲ್ಕೂ ಗೋಡೆ ಅರ್ಧ ಅವನಿಗೆ, ಒಂದೇ ಗೋಡೆ ಪೂರ್ತಿ ನನಗೆ. ಸಂಜೆ ಇಬ್ಬರೂ ನಿನಗೇ ಒರಗಿ ಬೀಡಿ ಸೇದುತ್ತೇವೆ.

ಇನ್ನೊಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ, ನೀನು ಹೇಗೂ ನೋಡಿದ್ದೀಯ. ಮರು ಸಮೀಕ್ಷೆ ಬರುತ್ತದೆ ಅಂತ ಸುದ್ದಿ ಎದ್ದ ರಾತ್ರಿ ನಾನು ಹಾರೆ ಹಿಡಿದು ನಿನ್ನ ಹಿಂದೆ ಬಂದು ನಿಂತಿದ್ದೆ. ಊರವರೆಲ್ಲ ಅದನ್ನೇ ಹೇಳಿದ್ದರು: ‘ಒಂದೇಟು ಹಾಕು, ಮಳಿ ಮ್ಯಾಲ ಹಾಕು.’ ಮಳೆಯ ಮೇಲೆ ಹಾಕಿದ ಅಪವಾದವನ್ನು ಮಳೆ ಅಲ್ಲಗಳೆಯುವುದಿಲ್ಲ. ಎರಡು ಕಲ್ಲಿನ ಸಂದಿಯಲ್ಲಿ ಹಾರೆಯ ಮೊನೆ ತೂರಿಸಿದ್ದೂ ಆಯಿತು. ಈಚೆ ಬದಿಗೆ ತಾಡಪತ್ರಿ ಕೆಳಗೆ ಅವ್ವ ಕೆಮ್ಮಿದಳು. ತಾಡಪತ್ರಿಯ ಹಗ್ಗ ಕಟ್ಟಿದ್ದು ನಿನ್ನ ಗೂಟಕ್ಕೇ ಅಲ್ಲವೇ. ‘ಯಾರಪಾ ಅದು?’ ಅಂದಳು. ‘ನಾನವ್ವಾ, ಗೋಡಿ ಗಟ್ಟಿ ಅದನೋ ಇಲ್ಲೋ ನೋಡ್ಲಿಕತ್ತೀನಿ’ ಅಂದೆ. ‘ನಿಮ್ಮಜ್ಜನ ಗೋಡಿ, ಅದಕ್ಕೇನಾಗ್ತದ, ಮಲಕೋ’ ಅಂದಳು.

ಈಗ ಮರು ಸಮೀಕ್ಷೆ ಬುಧವಾರ ಅಂತ ಗೊತ್ತಾಗಿದೆ. ಮಂಗಳವಾರದೊಳಗೆ ನಿನ್ನಷ್ಟಕ್ಕೆ ನೀನೇ ಒಂದು ಕಲ್ಲು, ಹೆಚ್ಚು ಬೇಡ, ಹೊರಗಿನ ಮಗ್ಗುಲಿಗೆ, ಅವ್ವ ಹೊಲದ ಕಡೆ ಹೋದಾಗ ಉದುರಿಸಬೇಕೆಂದು ಕೇಳಲು ಈ ಪತ್ರಕ್ಕೆ ಕುಂತಿದ್ದೆ.

ಆದರೆ ಇಲ್ಲೊಂದು ತೊಡಕಾಗಿದೆ. ದಸರಾ ಹತ್ತಿರ ಬಂತು. ಅವ್ವ ಬೆಳಗಿನಿಂದ ಸುಣ್ಣದ ಬಕೀಟು, ಕುಂಚ ಹಿಡಿದು ನಿನ್ನ ಮುಂದೆಯೇ ಇದ್ದಾಳೆ. ಸಂದಿಗೆ ಮಣ್ಣು ಮೆತ್ತಿ ಆಗಿದೆ, ಹಾರೆಯ ತೂತಿಗೂ. ಒಂದು ಕೈ ಸುಣ್ಣವೂ ಆಗಿದೆ. ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುವುದಷ್ಟೇ ಬಾಕಿ. ‘ಬುಧವಾರ ಸಾಹೇಬ್ರು ಬರ್ತಾರಂತ, ಮನಿ ಛಂದ ಕಾಣಬೇಕು’ ಅನ್ನುತ್ತಿದ್ದಾಳೆ.

ಇಂತಿ ನಿನಗೆ ತಾಡಪತ್ರಿ ಕಟ್ಟಿಕೊಂಡಿರುವ,
ಭಾಗಶಃ ಫಲಾನುಭವಿ, ವರ್ಗ ‘ಸಿ’

ಪ್ರತಿ: ತುಂಗಭದ್ರೆ ಮತ್ತು ಕೃಷ್ಣೆಯವರಿಗೆ, ಮಾಹಿತಿಗಾಗಿ. ಸೂಕ್ತ ಕ್ರಮಕ್ಕಾಗಿ ಅಲ್ಲ.