ಗೀರಿಗೂ ದುಡ್ಡು

ಗಿಟಾರುಗಳಲ್ಲಿ ಹೆಗಲು ಸೆಟೆಸಿ ನಿಲ್ಲುವವು ಕೆಲವು, ಇಳಿಬಿಟ್ಟು ಕೂರುವವು ಕೆಲವು. ಈ ಇಳಿಹೆಗಲಿನ ಪಂಗಡಕ್ಕೆ ಹೆಸರು ತಂದದ್ದು ಗಿಬ್ಸನ್ ಜೆ-45. 1942ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಿಂದ ಅದು ಹೊರಬಿದ್ದಾಗ ಬೆಲೆ 45 ಡಾಲರ್. ಬೆಲೆಯನ್ನೇ ಹೆಸರಿಗೆ ಅಂಟಿಸಿಕೊಂಡದ್ದರಿಂದ, ಪಾಪ, ಈಗ ಅದರ ಹೆಸರು ಚೀಟಿಯಲ್ಲಿರುವ ಬೆಲೆಯ ಮುಖ ನೋಡುವ ಹಾಗಿಲ್ಲ.

ಅದು ಯುದ್ಧದ ಕಾಲ. ಗಂಡಸರು ಸೈನ್ಯಕ್ಕೆ ಹೋದರು. ಗಿಟಾರು ಮಾಡಿದವರಲ್ಲಿ ಬಹುಪಾಲು ಹೆಂಗಸರು. ಉಕ್ಕಿಗೆ ಬರ ಬಂದು ಕೆಲವಕ್ಕೆ ಕುತ್ತಿಗೆಯೊಳಗಿನ ಸರಳೇ ಇಲ್ಲ. ಅಗಲದ ಹಲಗೆ ಸಿಗದಿದ್ದಾಗ ನಾಲ್ಕು ತುಂಡು ಕೂಡಿಸಿ ಮುಖ ಮಾಡಿದರು. ನಡುವೆ ಹೊಂಬಣ್ಣ, ಅಂಚಿಗೆ ಕಪ್ಪು ಬಳಿದರೆ ಜೋಡಣೆ ಅಷ್ಟಾಗಿ ಕಾಣುವುದಿಲ್ಲ. ಇಷ್ಟೆಲ್ಲ ಬಡತನದಲ್ಲಿ ಹುಟ್ಟಿದ ವಾದ್ಯವನ್ನು ಈಗ ಮೊಂಟಾನಾದ ಬೋಜ್‌ಮನ್‌ನಲ್ಲಿ ಭಕ್ತಿಯಿಂದ ನಕಲು ಮಾಡುತ್ತಾರೆ. ಹಳೆಯ ಕಾಲದ ತೊಗಲಿನ ಅಂಟು, ತೆಳು ಮೆರುಗು, ಅದರ ಮೇಲೆ ಕೈಯಾರೆ ಕೆರೆದ ಗೀರುಗಳು. ಗೀರು ಹೆಚ್ಚಾದಷ್ಟೂ ಬೆಲೆ ಹೆಚ್ಚು.

ಸ್ಯಾನ್ ಹೋಸೆಯಲ್ಲಿರುವ ನನ್ನ ಭಾವಮೈದ ಅಂಥದ್ದೊಂದನ್ನು ನೋಡಲು ಅಂಗಡಿಗೆ ಹೊರಟಾಗ ನಾನೂ ಬಾಲದಂತೆ ಹೋದೆ. ದುಬಾರಿ ಗಿಟಾರುಗಳಿಗೆ ಬೇರೆಯೇ ಕೋಣೆ. ಒಳಗಿನ ತೇವಕ್ಕೂ ಮೀಟರು. (ಮಂಗಳೂರಿನ ಮಳೆಗಾಲಕ್ಕೆ ಇವು ಸಿಕ್ಕರೆ ಹೊಟ್ಟೆ ಉಬ್ಬಿ ತಂತಿ ಮೇಲೆದ್ದುಬಿಡುತ್ತದೆ.) ಅವನು ಒಂದು ಕಣ್ಣು ಮುಚ್ಚಿ ಕುತ್ತಿಗೆಯುದ್ದಕ್ಕೂ ನೋಡಿದ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕುತ್ತಿಗೆ ಒಡಲು ಸೇರುವ ಹದಿನಾಲ್ಕನೆಯದರಲ್ಲೂ ಅದುಮಿ, ನಡುವೆ ಕೂದಲೆಳೆಯಷ್ಟು ಸಂದು ಉಳಿದದ್ದನ್ನು ನನಗೂ ತೋರಿಸಿದ. ಬ್ರಿಜ್ಜಿನ ಹಿಂದಿನ ಉಬ್ಬನ್ನು ಸವರಿದ. ತೂತಿನೊಳಕ್ಕೆ ಪುಟ್ಟ ಕನ್ನಡಿ ಇಳಿಸಿ ಪಟ್ಟಿಗಳನ್ನು ಎಣಿಸಿದ. ಥೇಟ್ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವ ರೈತ. ಆದರೆ ಅಲ್ಲಿ ಬೆಲೆ ಟವೆಲ್ಲಿನ ಮರೆಯಲ್ಲಿ, ಬೆರಳುಗಳ ನಡುವೆ ಇರುತ್ತದೆ. ಇಲ್ಲಿ ಗಿಟಾರಿನ ಕೊರಳಿಗೇ ಚೀಟಿ. ಅದನ್ನು ಓದಿದ ಮೇಲೆ ಕಿವಿ ನಿಯತ್ತಾಗಿ ಕೇಳುವುದುಂಟೆ?

ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ, ಒಂದೊಂದಾಗಿ ನುಡಿಸು ಎಂದೆ. ಮೊದಲನೆಯದು ತುಂಬು ನಾದದ್ದು. ಮೀಟಿ ಬಿಟ್ಟ ಮೇಲೂ ಗುಂಯ್‌ಗುಡುತ್ತಲೇ ಇತ್ತು. ಎರಡನೆಯದು ಧಪ್ ಎಂದು ಮಂದ್ರ ಹೊಡೆದು ಸುಮ್ಮನಾಯಿತು. ಅವನು ಅದರ ಜೊತೆ ಎರಡು ಸಾಲು ಹಾಡಿದಾಗ ಮಾತು ಮಾತೂ ಬಿಡಿಬಿಡಿಯಾಗಿ ಕೇಳಿತು. ಅದೇ ಇರಲಿ ಎಂದೆ. ತಿರುಗಿ ನೋಡಿದರೆ ಅದು ಮಹಾಗನಿಯ ಸಾದಾ ಜೆ-45, ಗೀರಿಲ್ಲದ್ದು. ಗುಂಯ್‌ಗುಟ್ಟಿದ್ದು 1936ರ ಅಡ್ವಾನ್ಸ್‌ಡ್ ಜಂಬೋದ ಹೊಸ ಅವತಾರ, ಬೆನ್ನಿಗೆ ಬೀಟೆ. ಬ್ರೆಜಿಲಿನ ಬೀಟೆ ದುರ್ಲಭವಾದ ಮೇಲೆ ಗಿಟಾರಿನವರು ಹಿಡಿದ ದಾರಿ ನಮ್ಮ ಘಟ್ಟದ ಬೀಟೆಯದು; ನಮ್ಮಲ್ಲಿ ಮಂಚ, ಬೀರುಗಳಾದ ಮರ. ಊರಿನ ಮರವನ್ನು ಬಿಟ್ಟುಕೊಟ್ಟೆನಲ್ಲ ಎಂದು ಒಂದು ಕ್ಷಣ ಪಿಚ್ಚೆನಿಸಿತು. ಆದರೆ ಹಾಡುವವನಿಗೆ ಜಾಗ ಬಿಡುವ ವಾದ್ಯ ಬೇರೆ, ತಾನೇ ಹಾಡುವ ವಾದ್ಯ ಬೇರೆ.

ಭಾವಮೈದನಿಗೆ ಸಮಾಧಾನವಾಗಲಿಲ್ಲ. ಅವನ ಕಣ್ಣು ತಾನು ನೋಡಲು ಬಂದ ಗೀರಿನ ಗಿಟಾರಿನ ಮೇಲೆಯೇ. ಅದನ್ನು ಎತ್ತಿ ತೊಡೆಗಿಡಬೇಕು, ಅಷ್ಟರಲ್ಲಿ ಅಂಗಡಿಯ ಹುಡುಗ ಓಡಿಬಂದ:

"ಸಾರ್, ದಯವಿಟ್ಟು ಬೆಲ್ಟ್ ಬಿಚ್ಚಿಡಿ. ಬಕಲ್ ತಗುಲಿ ಗೀರು ಬಿದ್ದೀತು."