ಹನ್ನೆರಡು ರೂಪಾಯಿಗೆ ಎರಡು ಹುಂಡಿ

ರಾಜಕೀಯದ ಮೈಲಿಗೆ ತಾಗದಂತೆ ಈ ದೇಶ ಅತ್ಯಂತ ಮಡಿಯಲ್ಲಿಟ್ಟಿರುವ ದುಡ್ಡು ಯಾವುದು? ಕಾರ್ಮಿಕನ ಯೂನಿಯನ್ ಚಂದಾ. ಅದರ ಕನಿಷ್ಠ ದರವನ್ನು 2001ರ ತಿದ್ದುಪಡಿ ಗೊತ್ತುಮಾಡಿತು: ವರ್ಷಕ್ಕೆ 12 ರೂಪಾಯಿ. ಹಳ್ಳಿಯ ಕೂಲಿಗಾರನಾದರೆ 1 ರೂಪಾಯಿ. ಇಂಥ ಕಾಸು ಚುನಾವಣೆಗೆ ಹರಿದರೆ ಏನು ಗತಿ ಎಂದು ಬ್ರಿಟಿಷರು 1926ರಲ್ಲೇ ಚಿಂತಿಸಿದ್ದರು.

ಅವರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲಿ ಸಾಮಾನ್ಯ ನಿಧಿಯ ಖರ್ಚಿಗೆ ಪಟ್ಟಿಯೇ ಇತ್ತು. ಕೋರ್ಟು ಖರ್ಚು, ಆಫೀಸಿನ ಸಂಬಳ, ಕಾಯಿಲೆ ಕಸಾಲೆ. ಸದಸ್ಯ ಸತ್ತರೆ ಶವಸಂಸ್ಕಾರಕ್ಕೂ ಕೊಡಬಹುದು. ಅವನೇ ಬದುಕಿದ್ದು ಶಾಸನಸಭೆಗೆ ನಿಂತನೋ, ಕರಪತ್ರಕ್ಕೂ ಕಾಸು ಬಿಚ್ಚುವಂತಿಲ್ಲ. ಅದಕ್ಕೆ ಬೇರೆಯೇ ಹುಂಡಿ, ರಾಜಕೀಯ ನಿಧಿ. ಅದಕ್ಕೆ ಹಾಕೆಂದು ಯಾರನ್ನೂ ಬಲವಂತ ಮಾಡಕೂಡದು; ಹಾಕದವನ ಸವಲತ್ತು ಕಿತ್ತುಕೊಳ್ಳಕೂಡದು. ಯಾವ ಸದಸ್ಯ ಬೇಕಾದರೂ ಲೆಕ್ಕದ ಪುಸ್ತಕ ಬಿಡಿಸಿ ನೋಡಬಹುದು. ವರ್ಷಕ್ಕೊಮ್ಮೆ ಆಡಿಟ್ ಆದ ಲೆಕ್ಕ ರಿಜಿಸ್ಟ್ರಾರರ ಮೇಜಿಗೆ. ತಪ್ಪಿದರೆ ದಂಡ 5 ರೂಪಾಯಿ, ಆಮೇಲೆ ವಾರಕ್ಕೆ ಇನ್ನೈದು, ಒಟ್ಟು 50 ಮೀರದಂತೆ!

ಬೇಡವೆನ್ನುತ್ತಿಲ್ಲ. ಸರ್ವಸದಸ್ಯರ ಸಭೆಯಲ್ಲಿ ಸರಿಯಾಗಿ ಊಟಕ್ಕೆ ಎಲೆ ಹಾಕುವ ಹೊತ್ತಿಗೇ ಜಮಾಖರ್ಚು ಓದುವ ಖಜಾಂಚಿಗಳಿದ್ದಾರೆ. ಅವರ ಕಿವಿ ಹಿಂಡಲು ಕಾನೂನು ಬೇಕೇ ಬೇಕು.

ಇನ್ನು ಮಾಲೀಕರು. ಪಾಪ, ಅವರಿಗೂ ಕಟ್ಟುಪಾಡಿತ್ತು: ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 7.5ಕ್ಕಿಂತ ಹೆಚ್ಚು ಪಕ್ಷಗಳಿಗೆ ಕೊಡಬಾರದು, ಕೊಟ್ಟದ್ದು ಯಾರಿಗೆಂದು ಲೆಕ್ಕದಲ್ಲಿ ಬರೆಯಬೇಕು. 2017ರಲ್ಲಿ ಎರಡೂ ಹೋದವು. ಲಾಭದ ಮುಖವನ್ನೇ ಕಾಣದ ಕಂಪನಿಯೂ ದಾನಶೂರ ಕರ್ಣನಾಗಬಹುದಾಯಿತು. ಮರುವರ್ಷ ಚುನಾವಣಾ ಬಾಂಡ್ ಬಂತು. ಒಂದೊಂದರ ಮುಖಬೆಲೆ 1 ಕೋಟಿಯವರೆಗೆ, ಕೊಟ್ಟವರ ಹೆಸರು ಗುಟ್ಟು.

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಬಾಂಡನ್ನೂ, ಮಿತಿ ಕಿತ್ತ ತಿದ್ದುಪಡಿಯನ್ನೂ ರದ್ದು ಮಾಡಿ ವಿವರ ಕೇಳಿತು. ಸ್ಟೇಟ್ ಬ್ಯಾಂಕು ಜೂನ್ 30ರವರೆಗೆ ಸಮಯ ಬೇಡಿತು. ಕೊಂಡವರ ಮಾಹಿತಿ ಒಂದು ಕಡೆ, ನಗದು ಮಾಡಿಕೊಂಡವರದು ಇನ್ನೊಂದು ಕಡೆ, ತಾಳೆ ಹಾಕಬೇಕಂತೆ. ಅಷ್ಟರಲ್ಲಿ ಲೋಕಸಭಾ ಚುನಾವಣೆಯೇ ಮುಗಿದಿರುತ್ತಿತ್ತು. ಕೋರ್ಟು ಒಂದೇ ದಿನ ಕೊಟ್ಟಿತು. ನಮ್ಮ ಖಜಾಂಚಿಯನ್ನು ಕೂರಿಸಿದ್ದರೆ ಎಲೆ ಎತ್ತುವುದರೊಳಗೆ ಮುಗಿಸುತ್ತಿದ್ದರು.

ವಸಾಹತುಶಾಹಿಯ ಗುರುತು ಅಳಿಸುವ ಉತ್ಸಾಹದಲ್ಲಿ ನಾವೀಗ ರಸ್ತೆಗಳ ಹೆಸರನ್ನೂ ಬಿಟ್ಟಿಲ್ಲ. 1926ರ ಕಾಯ್ದೆಯನ್ನು ನುಂಗಿದ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೂ ಬಂತು. ಬ್ರಿಟಿಷರ ಎರಡು ಹುಂಡಿಗಳನ್ನು ಮಾತ್ರ ಅದು ಜೋಪಾನವಾಗಿ ಇಳಿಸಿಕೊಂಡಿದೆ. ಕಂಪನಿಗಾದರೆ ಈಗಲೂ ನಿರ್ದೇಶಕರ ಮಂಡಳಿಯ ಒಂದು ನಿರ್ಣಯ ಸಾಕು; ನಿನ್ನ ಪಾಲಿನ ದುಡ್ಡು ಯಾವ ಪಕ್ಷಕ್ಕಪ್ಪಾ ಎಂದು ಷೇರುದಾರನನ್ನು ಕೇಳಬೇಕಿಲ್ಲ.

ಹಾಗಾದರೆ ಯೂನಿಯನ್ನೇ ಕಂಪನಿಯೆಂದು ನೋಂದಾಯಿಸಿಕೊಂಡರೆ? ಆ ಕಿಂಡಿಯನ್ನೂ ಹಳೇ ಕಾಯ್ದೆಯ 14ನೇ ಕಲಮು ಮುಚ್ಚಿತ್ತು: ಅಂಥ ನೋಂದಣಿ ಅಸಿಂಧು.